ವಿಂಡೋಸ್ 98 ಪಟ್ಟಿಯಿಂದ ಹೋದಾಗ ನಿಂತ ಬಟವಾಡೆ

ಹಳೆಯ ಸಿ.ಡಿ.ಗಳೆಂದರೆ ಕಸ ಎಂದುಕೊಂಡ ಮ್ಯಾನೇಜರುಗಳ ಕೈಕೆಳಗೆ ಪ್ರೋಗ್ರಾಂ ಬರೆಯುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷದ ಮೇಲಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

2003ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್, ಪ್ರೋಗ್ರಾಂ ಬರೆಯುವವರಿಗೆಂದು ಇದ್ದ ತನ್ನ ಎಂಎಸ್‌ಡಿಎನ್ ಚಂದಾದ ಡೌನ್‌ಲೋಡ್ ಪಟ್ಟಿಯಿಂದ ವಿಂಡೋಸ್ 98, ಆಫೀಸ್ 2000, ಎಸ್‌ಕ್ಯೂಎಲ್ ಸರ್ವರ್ 7 ಸೇರಿದಂತೆ ಹಲವು ಹಳೆಯ ತಂತ್ರಾಂಶಗಳನ್ನು ತೆಗೆದುಹಾಕಿತು. ಇದರ ಹಿಂದೆ ಇದ್ದದ್ದು ಜಾವಾ ವ್ಯಾಜ್ಯ. ಸನ್ ಮೈಕ್ರೋಸಿಸ್ಟಮ್ಸ್ 1997ರಲ್ಲಿ ಹೂಡಿದ ಮೊಕದ್ದಮೆ 2001ರ ಜನವರಿಯಲ್ಲಿ ಎರಡು ಕೋಟಿ ಡಾಲರಿಗೆ ರಾಜಿಯಾಗಿತ್ತು. ಮೈಕ್ರೋಸಾಫ್ಟಿನ ಸ್ವಂತ ಜಾವಾ ವರ್ಚುವಲ್ ಮಷೀನ್ ಯಾವುದರಲ್ಲಿ ಅಡಗಿತ್ತೋ ಅವುಗಳಲ್ಲಿ ಹಲವು ಹೊರಗೆ ಹೋಗಬೇಕಾಯಿತು. ತೆಗೆಯುವ ಮುಂಚೆ ಸೂಚನೆಯನ್ನೂ ಕೊಟ್ಟಿದ್ದರು. ಹಾಗಾಗಿ ಆ ಕಂಪನಿಯ ಮೇಲೆ ನನ್ನ ದೂರಿಲ್ಲ. ನಾನು ದುಡಿಯುತ್ತಿದ್ದ ಬೆಂಗಳೂರಿನ ಪುಟ್ಟ ಆಫೀಸಿನ ಖರೀದಿ ಮ್ಯಾನೇಜರ್ ಮೇಲಿದೆ.

ಸೂಚನೆಯ ಮೇಲ್ ಬಂದದ್ದು ಅವರಿಗೆ. ಓದಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಚಂದಾದ ಜೊತೆ ಅಂಚೆಯಲ್ಲಿ ಬರುತ್ತಿದ್ದ ಡಿಸ್ಕುಗಳ ಫೋಲ್ಡರನ್ನು ನಾನು ಬೇಡವೆಂದರೂ ಕೇಳದೆ ಗುಜರಿಗೆ ಹಾಕಿಸಿದ್ದರು. ‘ಬೇಕಾದಾಗ ಇಳಿಸ್ಕೊಳ್ಳಪ್ಪಾ, ಅದಕ್ಕೇ ತಾನೆ ದುಡ್ಡು ಕಟ್ತಿರೋದು’ ಅಂದಿದ್ದರು. ಪರೀಕ್ಷೆಗೆಂದು ಇಟ್ಟಿದ್ದ ವಿಂಡೋಸ್ 98 ಯಂತ್ರಕ್ಕೂ ಆಗಲೇ ಎಕ್ಸ್‌ಪಿ ಹಾಕಿಸಿಬಿಟ್ಟಿದ್ದರು.

ಇತ್ತ ನಮ್ಮ ಚಿಕ್ಕರಸಿನಕೆರೆ ಹೋಬಳಿಯ ಒಂದೂರಿನ ಡೈರಿಗೆ ನಾನೇ ವಿಷುವಲ್ ಬೇಸಿಕ್ 6ರಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹಾಲು ಎಷ್ಟು ಲೀಟರು, ಫ್ಯಾಟ್ ಎಷ್ಟು, ಬೂಸಾ ಬಾಕಿ ಎಷ್ಟು ಹಿಡಿಯಬೇಕು, ಕೈಗೆ ಎಷ್ಟು ಕೊಡಬೇಕು, ಎಲ್ಲ ಕನ್ನಡದಲ್ಲೇ ಚೀಟಿಯಾಗಿ ಬರುತ್ತಿತ್ತು. ಜನವರಿಯಲ್ಲಿ ಅಲ್ಲಿನ ಹಾರ್ಡ್ ಡಿಸ್ಕ್ ಸುಟ್ಟುಹೋಯಿತು. ಯಂತ್ರ ಮಾರಿದ್ದವನೇ ಬಂದು ಹೊಸ ಡಿಸ್ಕ್ ಹಾಕಿ ವಿಂಡೋಸ್ 98 ತುಂಬಿಸಿ ಹೋದ. ಡೇಟಾ ನನ್ನ ಫ್ಲಾಪಿಗಳಲ್ಲಿ ಭದ್ರವಾಗಿತ್ತು. ಆದರೆ ಪ್ರೋಗ್ರಾಂ ತೆರೆದರೆ ‘ಪ್ರೊವೈಡರ್ ಕ್ಯಾನಾಟ್ ಬಿ ಫೌಂಡ್’ ಎಂದು ನಿಂತುಬಿಡುತ್ತಿತ್ತು. ಅದೇ ಪ್ರೋಗ್ರಾಂ ನಮ್ಮ ಆಫೀಸಿನ ಎಕ್ಸ್‌ಪಿಯಲ್ಲಿ ಸಲೀಸಾಗಿ ಓಡುತ್ತಿತ್ತು. ತಪ್ಪು ಎಲ್ಲಿದೆ ಎಂದು ಹುಡುಕಲು ನನಗೆ ಒಂದು 98 ಯಂತ್ರ ಬೇಕಿತ್ತು. ಚಂದಾದ ಪಟ್ಟಿ ತೆರೆದೆ. ವಿಂಡೋಸ್ 98 ಇರಬೇಕಾದ ಕಡೆ ಇರಲಿಲ್ಲ. ಆಫೀಸ್ 2000 ಕೂಡ ಇಲ್ಲ.

ಮದ್ದೂರಿನಲ್ಲಿ ಇಳಿದು ಕೆ.ಎಂ. ದೊಡ್ಡಿ ಬಸ್ಸು ಹತ್ತಿ ಡೈರಿ ಮುಟ್ಟಿದಾಗ ಬಟವಾಡೆಯ ಬೆಳಗು. ಆ ವರ್ಷಗಳ ಬರ ನೆನಪಿರುವವರಿಗೆ ಅದು ಎಂಥ ಬೆಳಗೆಂದು ಹೇಳಬೇಕಿಲ್ಲ. ನಾಲೆಯಲ್ಲಿ ನೀರಿಲ್ಲ, ಕಬ್ಬು ನಿಂತಲ್ಲೇ ಒಣಗಿದೆ. ಮನೆಗಳು ನಡೆಯುತ್ತಿದ್ದದ್ದು ಹಾಲಿನ ದುಡ್ಡಿನಲ್ಲಿ. ಜಗಲಿಯಿಂದ ರಸ್ತೆಯವರೆಗೆ ಹೆಂಗಸರು ಪಾಸ್‌ಬುಕ್ ಹಿಡಿದು ಕೂತಿದ್ದರು. ಕಾರ್ಯದರ್ಶಿ ನನ್ನ ದೊಡ್ಡಪ್ಪನ ಮಗ. ಅಷ್ಟು ಜನರೆದುರಿಗೇ, ‘ಏನ್ಲಾ, ನಿನ್ ಕಂಪೂಟ್ರು ನಂಬ್ಕಂಡು ನಾನು ಬುಕ್ಕು ಬರಿಯೋದೇ ಬುಟ್ಬುಟ್ಟೆ, ಈಗ ಇವ್ರಿಗೆ ಏನಂತ ಯೋಳ್ಳಿ?’ ಅಂದ. ಪರದೆಯ ಮೇಲೆ ಅದೇ ಸಾಲು. ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಸಾಲು. ನಮ್ಮ ಕೇರಿಯ ಒಬ್ಬ ಅಜ್ಜಿ ಎದ್ದು ಬಂದು, ‘ಮಗಾ, ಬೂಸಾ ದುಡ್ಡು ಹಿಡ್ಕಳಿ, ಮಿಕ್ಕಿದ್ರಲ್ಲಿ ಒಂದೈವತ್ತು ಕೊಡ್ರಪ್ಪ, ಮೊಗಿಗೆ ಔಸ್ದಿ ತರ್ಬೇಕು’ ಎಂದಳು. ಪೆಟ್ಟಿಗೆಯಲ್ಲಿ ದುಡ್ಡಿತ್ತು. ಅವಳಿಗೆ ಎಷ್ಟು ಸಲ್ಲಬೇಕೆಂಬುದು ಮಾತ್ರ ನನ್ನ ಫ್ಲಾಪಿಯೊಳಗೆ ಸಿಕ್ಕಿಕೊಂಡಿತ್ತು. ದೊಡ್ಡಪ್ಪನ ಮಗ ತನ್ನ ಜೇಬಿನಿಂದ ತೆಗೆದುಕೊಟ್ಟ. ಆ ದಿನ ಬಟವಾಡೆ ಆಗಲಿಲ್ಲ. ಬೈಯುತ್ತ ಹೋದವರಿಗಿಂತ ಬಾಯಿಬಿಡದೆ ಪಾಸ್‌ಬುಕ್ ಮಡಚಿಕೊಂಡು ಹೋದವರನ್ನು ನೋಡುವುದು ನನಗೆ ಕಷ್ಟವಾಯಿತು.

ಮಂಡ್ಯದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಗೆಳೆಯನ ಬಳಿ 98 ಯಂತ್ರವೊಂದು ಉಳಿದಿತ್ತು. ರಾತ್ರಿಯೆಲ್ಲ ಅದರ ಮುಂದೆ ಕೂತೆ. ಡೈರಿಯ ಹಳೆಯ ಡಿಸ್ಕಿನಲ್ಲಿ ಆಫೀಸ್ 2000 ಇತ್ತು. ಆಕ್ಸೆಸ್ ಡೇಟಾಬೇಸ್ ತೆರೆಯುವ ಜೆಟ್ 4 ಅದರ ಜೊತೆಗೇ ಬಂದು ಕೂತಿತ್ತು. ಹೊಸ ಡಿಸ್ಕಿಗೆ ಅಂಗಡಿಯವನು ಆಫೀಸ್ ಹಾಕಿರಲಿಲ್ಲ. ಡೇಟಾಬೇಸ್ ಸಂಪರ್ಕಕ್ಕೆಂದು ಮೈಕ್ರೋಸಾಫ್ಟ್ ಕೊಡುತ್ತಿದ್ದ ಎಂಡಿಎಸಿ ಪ್ಯಾಕೇಜಿನಿಂದಲೂ 2.6ನೇ ಆವೃತ್ತಿಯಿಂದಾಚೆಗೆ ಜೆಟ್ ಅನ್ನು ಕೈಬಿಟ್ಟಿದ್ದರು. ಎಕ್ಸ್‌ಪಿಯಲ್ಲಿ ಜೆಟ್ ಮೊದಲೇ ಇರುವುದರಿಂದ ಆಫೀಸಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಮೊದಲು ಡಿಕಾಮ್ 98, ಆಮೇಲೆ ಎಂಡಿಎಸಿ, ಕೊನೆಗೆ ಜೆಟ್ 4 ಎಂದು ಸಾಲಾಗಿ ಹಾಕಿದೆ. ಪ್ರೋಗ್ರಾಂ ತೆರೆಯಿತು. ಮಾರನೆಯ ದಿನ ಡೈರಿಯಲ್ಲೂ ಹಾಗೇ ಹಾಕಿದೆ, ಚೀಟಿಗಳು ಬಂದವು. ಕಾರಣ ಇಷ್ಟೇ. ಪರೀಕ್ಷೆಯ ಯಂತ್ರ ಬೆಂಗಳೂರಿನಲ್ಲಿ ಉಳಿದಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ.

ಆ ಮ್ಯಾನೇಜರು ಒಂದು ಮಾತಿಗೂ ‘ಹೌದು’ ಅನ್ನಲಿಲ್ಲ. ಡೈರಿಯ ಕೆಲಸ ಕಂಪನಿಯದಲ್ಲ ಎಂದು ನನಗೇ ತಿರುಗಿಸಿದರು. ಅದೇ 98 ಬಳಸುತ್ತಿದ್ದ ಕಂಪನಿಯ ಗಿರಾಕಿಗಳೂ ಇದ್ದರಲ್ಲ ಎಂದರೆ ಉತ್ತರವಿಲ್ಲ. ವಿಂಡೋಸ್ 98ಕ್ಕೆ ಬೆಂಬಲ ನಿಂತದ್ದು 2006ರ ಜುಲೈನಲ್ಲಿ. ಅಲ್ಲಿಯವರೆಗೂ ಅದು ಜನರ ಮೇಜಿನ ಮೇಲಿತ್ತು, ನಮ್ಮ ಕಪಾಟಿನಲ್ಲಿ ಇರಲಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಗಿರಾಕಿ ಯಾವ ಆವೃತ್ತಿ ಬಳಸುತ್ತಾನೋ ಅದನ್ನು ಪಟ್ಟಿಯಲ್ಲಿ ಇರುವಾಗಲೇ ಇಳಿಸಿ, ಕೀಲಿಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. ಚಂದಾದ ತಂತ್ರಾಂಶ ಬರೆಯುವುದಕ್ಕೂ ಪರೀಕ್ಷಿಸುವುದಕ್ಕೂ ಮಾತ್ರ, ಅದನ್ನು ಗಿರಾಕಿಯ ಯಂತ್ರಕ್ಕೆ ಹಾಕಬೇಡಿ. ಗಿರಾಕಿ ಕೊಂಡ ತಂತ್ರಾಂಶದ ಡಿಸ್ಕನ್ನು ಅವನ ಕೈಗೇ ಕೊಡಿಸಿ. ಹಳೆಯದನ್ನು ವರ್ಚುವಲ್ ಮಷೀನಿನಲ್ಲಿ ಉಳಿಸಿಕೊಳ್ಳಿ. ಪ್ರತಿ ಬಟವಾಡೆಯ ಲೆಕ್ಕವನ್ನು ಮುದ್ರಿಸಿ ಪುಸ್ತಕಕ್ಕೆ ಅಂಟಿಸಲು ಹೇಳಿ. ಚಂದಾದ ಸೂಚನೆಗಳು ಖರೀದಿ ವಿಭಾಗಕ್ಕೆ ಹೋಗುತ್ತಿದ್ದರೆ ಇಂದೇ ಅರ್ಜಿ ಹಾಕಿ, ಅವು ನೇರವಾಗಿ ನಿಮಗೇ ಬರುವಂತೆ ಮಾಡಿಕೊಳ್ಳಿ.