ಕಾಳಾಂಜಿ: ದೊಡ್ಡ ಮೀನನ್ನು ಏಕೆ ಬಿಡಬೇಕು?

ಉದ್ದೇಶ: ಜೀವಿಯೊಂದರ ಜೀವನಚಕ್ರಕ್ಕೂ ಅದನ್ನು ಹಿಡಿಯುವ ನಿಯಮಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ಕಾರಣಸಹಿತ ವಿವರಿಸುವರು.

ಶಿಕ್ಷಕರಿಗೆ ಹಿನ್ನೆಲೆ: ಕೇರಳದ ಅಳಿವೆಗಳಲ್ಲಿ ದೊರೆಯುವ ಕಾಳಾಂಜಿಯು ಹವ್ಯಾಸಕ್ಕಾಗಿ ಗಾಳ ಹಾಕುವವರಿಗೆ ಅಚ್ಚುಮೆಚ್ಚಿನ ಮೀನು. ಗಾಳಕ್ಕೆ ಸಿಕ್ಕಿದಾಗ ಅದು ನೀರಿನಿಂದ ಮೇಲಕ್ಕೆ ನೆಗೆದು ಸೆಣಸುತ್ತದೆ. ಇದೇ ಮೀನಿಗೆ ತಮಿಳಿನಲ್ಲಿ ಕೊಡುವಾ, ಬಂಗಾಳಿಯಲ್ಲಿ ಭೆಟ್ಕಿ, ಆಸ್ಟ್ರೇಲಿಯದಲ್ಲಿ ಬ್ಯಾರಮಂಡಿ ಎಂಬ ಹೆಸರುಗಳಿವೆ. ಮಕ್ಕಳು ಮನೆಯಲ್ಲಿ ಆಡುವ ಹೆಸರನ್ನೂ ಹಲಗೆಯ ಮೇಲೆ ಬರೆಯಿರಿ. ಅದನ್ನು ತಪ್ಪೆಂದು ತಿದ್ದಬೇಡಿ.

ಪಾಠಭಾಗ: ಕಾಳಾಂಜಿಯು ಸಮುದ್ರಕ್ಕೆ ಸಮೀಪದ ಉಪ್ಪುನೀರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಹಿನ್ನೀರು, ಕಾಂಡ್ಲಾವನ ಹಾಗೂ ನದಿಗಳನ್ನು ಸೇರಿ ಬೆಳೆಯುತ್ತವೆ. ಸಾಮಾನ್ಯವಾಗಿ 3-4 ವರ್ಷಗಳಲ್ಲಿ ಅವು ಗಂಡಾಗಿ ಪ್ರೌಢಾವಸ್ಥೆಗೆ ಬರುತ್ತವೆ. ಅನಂತರ, ಸುಮಾರು 6ರಿಂದ 8ನೆಯ ವರ್ಷದ ವೇಳೆಗೆ, ಅವುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಮಾರ್ಪಡುತ್ತವೆ. ಆದುದರಿಂದ ಅತಿ ದೊಡ್ಡ ಕಾಳಾಂಜಿಗಳು ಬಹುತೇಕ ಹೆಣ್ಣುಗಳೇ. ದೇಹ ದೊಡ್ಡದಾದಂತೆ ಮೊಟ್ಟೆಗಳ ಸಂಖ್ಯೆಯೂ ಹೆಚ್ಚುತ್ತದೆ.

“ಮರಿಯನ್ನು ಬಿಡು, ದೊಡ್ಡದನ್ನು ಹಿಡಿ” ಎಂಬ ನಿಯಮವೊಂದೇ ಇಲ್ಲಿ ಸಾಲದು. ದೊಡ್ಡವನ್ನೆಲ್ಲ ಹಿಡಿದರೆ ತಾಯಿಮೀನುಗಳೇ ಇಲ್ಲವಾಗುತ್ತವೆ. ಉಳಿದ ಗಂಡುಗಳು ಹೆಣ್ಣಾಗಲು ಹಲವು ವರ್ಷಗಳು ಬೇಕು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿ ನೀರಿನಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದಾದ ಮೀನನ್ನೂ 120 ಸೆಂಟಿಮೀಟರಿಗಿಂತ ದೊಡ್ಡದಾದ ಮೀನನ್ನೂ ನೀರಿಗೆ ಮರಳಿ ಬಿಡಬೇಕೆಂಬ ನಿಯಮವಿದೆ. ಕೆಳಮಿತಿಯು ಎಳೆಯ ಮೀನುಗಳಿಗೆ ಬೆಳೆಯಲು ಅವಕಾಶ ನೀಡುತ್ತದೆ. ಮೇಲ್ಮಿತಿಯು ಹಿರಿಯ ತಾಯಿಗಳನ್ನು ಕಾಯುತ್ತದೆ.

ಚಟುವಟಿಕೆ: 12 ಕಾಗದದ ಮೀನುಗಳನ್ನು ಕತ್ತರಿಸಿರಿ: 8 ಚಿಕ್ಕವು ಗಂಡು, 4 ದೊಡ್ಡವು ಹೆಣ್ಣು. ಮೊದಲ ಸರದಿಯಲ್ಲಿ ದೊಡ್ಡ 4 ಮೀನುಗಳನ್ನು ತೆಗೆಯಿಸಿರಿ. ಈ ವರ್ಷ ಮೊಟ್ಟೆಯಿಡುವವರು ಯಾರು ಎಂದು ಕೇಳಿರಿ. ಎಲ್ಲವನ್ನೂ ಮರಳಿ ಇಟ್ಟು, ಎರಡನೆಯ ಸರದಿಯಲ್ಲಿ 2 ಗಂಡು, 2 ಹೆಣ್ಣುಗಳನ್ನು ಮಾತ್ರ ತೆಗೆಯಿಸಿರಿ. ಎರಡು ಸರದಿಗಳಲ್ಲಿಯೂ ಹಿಡಿದ ಮೀನುಗಳ ಸಂಖ್ಯೆ ಒಂದೇ. ಉಳಿದ ಫಲ ಬೇರೆ. ಈ ವ್ಯತ್ಯಾಸವನ್ನು ಮಕ್ಕಳೇ ಹೇಳಲಿ.

ಸೂಚನೆ: ಲಿಂಗಪರಿವರ್ತನೆಯ ಮಾತು ಬಂದಾಗ ತರಗತಿಯಲ್ಲಿ ನಗು ಏಳಬಹುದು. ಗದರಿಸದೆ, ಇದು ಅನೇಕ ಮೀನುಗಳಲ್ಲಿ ಕಾಣುವ ಸಹಜ ಕ್ರಮವೆಂದು ತಿಳಿಸಿರಿ.

ಪ್ರಶ್ನೆಗಳು:
1. ಕಾಳಾಂಜಿಯ ಬದುಕಿಗೆ ಉಪ್ಪುನೀರು, ಸಿಹಿನೀರು ಎರಡೂ ಏಕೆ ಬೇಕು?
2. ಅಳಿವೆಗೂ ನದಿಗೂ ನಡುವೆ ಅಡ್ಡಗಟ್ಟೆ ಕಟ್ಟಿದರೆ ಮರಿಗಳಿಗೆ ಏನಾಗಬಹುದು?
3. ನಿಮ್ಮ ಮನೆಯಲ್ಲಿ ಈ ಮೀನಿಗೆ ಯಾವ ಹೆಸರಿದೆ? ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ.