ಅರ್ಜಿಯ ಹಕ್ಕನ್ನು ಕಾಯ್ದ ಮಾಜಿ ಅಧ್ಯಕ್ಷ: ಜಾನ್ ಕ್ವಿನ್ಸಿ ಆಡಮ್ಸ್

ಅರ್ಜಿ ಎಂಬ ಮಾತು ನಮ್ಮ ವಾಚನಾಲಯಕ್ಕೆ ಬರುವವರಿಗೆ ಹೊಸದಲ್ಲ. ರಜೆಗೆ ಅರ್ಜಿ, ಬಡ್ತಿಗೆ ಅರ್ಜಿ, ರೇಷನ್ ಕಾರ್ಡಿಗೆ ಅರ್ಜಿ, ಚಾಳಿನ ನಲ್ಲಿಗೆ ನೀರು ಬಾರದಿದ್ದರೆ ನಗರಸಭೆಗೆ ಅರ್ಜಿ. ನಮ್ಮಲ್ಲಿ ಕೆಲವರು ಅರ್ಜಿ ಬರೆಯುವವರು. ಇನ್ನು ಕೆಲವರು ಕಚೇರಿಯಲ್ಲಿ ಕುಳಿತು, ಬಂದ ಅರ್ಜಿಗಳಿಗೆ ನಂಬರು ಹಾಕಿ ಫೈಲಿಗೆ ಸೇರಿಸುವವರು. ಕೇಳಿದ್ದು ಸಿಕ್ಕದಿದ್ದರೆ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಅರ್ಜಿಯನ್ನು ಯಾರೂ ಓದಲೇ ಇಲ್ಲವೆಂದು ತಿಳಿದಾಗ ಆಗುವ ನೋವೇ ಬೇರೆ. ಮೊದಲನೆಯದರಲ್ಲಿ ನಮ್ಮ ಬೇಡಿಕೆ ಮಾತ್ರ ಬಿದ್ದುಹೋಯಿತು. ಎರಡನೆಯದರಲ್ಲಿ ನಾವೇ ಲೆಕ್ಕಕ್ಕಿಲ್ಲದವರಾದೆವು.

ಈ ಭೇದವನ್ನು ಚೆನ್ನಾಗಿ ಅರಿತು, ಅದಕ್ಕಾಗಿ ಮುಪ್ಪಿನಲ್ಲಿ ಎಂಟು ವರ್ಷಗಳಿಗೂ ಮಿಕ್ಕಿ ಹೋರಾಡಿದವನು ಅಮೆರಿಕದ ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಇವರ ಹೆಸರನ್ನು ನಾವು ಶಾಲೆಯಲ್ಲಿಯೇ ಕೇಳಿದ್ದೇವೆ. ಆಡಮ್ಸನ ಹೆಸರು ಅಷ್ಟು ಪ್ರಚಾರದಲ್ಲಿಲ್ಲ. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಆತನನ್ನೇ ಆರಿಸಿಕೊಂಡಿದ್ದೇವೆ.

ಬಾಲ್ಯ ಮತ್ತು ವಿದ್ಯೆ

ಆಡಮ್ಸ್ ಹುಟ್ಟಿದ್ದು 1767ರ ಜುಲೈ 11ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಬ್ರೈನ್‌ಟ್ರೀ ಎಂಬ ಊರಿನಲ್ಲಿ. ಆಗ ಆ ಪ್ರಾಂತ ಬ್ರಿಟಿಷರ ವಸಾಹತಾಗಿತ್ತು; ಅಮೆರಿಕವೆಂಬ ಸ್ವತಂತ್ರ ರಾಷ್ಟ್ರ ಇನ್ನೂ ಹುಟ್ಟಿರಲಿಲ್ಲ. ತಂದೆ ಜಾನ್ ಆಡಮ್ಸ್ ಮುಂದೆ ದೇಶದ ಎರಡನೆಯ ಅಧ್ಯಕ್ಷನಾದವನು. ತಾಯಿ ಅಬಿಗೇಲ್ ವಿಚಾರವಂತೆ, ಧೈರ್ಯವಂತೆ. 1775ರ ಜೂನ್ ತಿಂಗಳಲ್ಲಿ ಬಂಕರ್ ಹಿಲ್ ಕಾಳಗ ನಡೆದಾಗ, ಏಳು ವರ್ಷದ ಈ ಹುಡುಗ ಮನೆಯ ಸಮೀಪದ ಗುಡ್ಡದ ಮೇಲೆ ತಾಯಿಯೊಡನೆ ನಿಂತು ಅದನ್ನು ದೂರದಿಂದ ಕಂಡನು.

ಹತ್ತನೆಯ ವಯಸ್ಸಿನಲ್ಲಿ ಆತ ತಂದೆಯೊಡನೆ ಫ್ರಾನ್ಸಿಗೆ ಹೋದನು. ಹದಿನಾಲ್ಕನೆಯ ವಯಸ್ಸಿಗೆ ರಷ್ಯಕ್ಕೆ ಹೊರಟ ಅಮೆರಿಕದ ಪ್ರತಿನಿಧಿಯೊಬ್ಬನಿಗೆ ಫ್ರೆಂಚ್ ಬಲ್ಲ ಕಾರ್ಯದರ್ಶಿಯಾಗಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದನು. ಎಂದರೆ, ಅಧ್ಯಕ್ಷನಾದವನ ಮೊದಲ ಕೆಲಸವೂ ಪರವೂರಿನಲ್ಲಿ ಕಾಗದಪತ್ರ ಬರೆಯುವ ಕೆಲಸವೇ ಆಗಿತ್ತು! 1779ರಲ್ಲಿ ಆರಂಭಿಸಿದ ದಿನಚರಿಯನ್ನು ಆತ ಸಾಯುವ ವರ್ಷದವರೆಗೂ ಬರೆದನು. ಅದು 51 ಸಂಪುಟಗಳಷ್ಟಿದೆ.

1787ರಲ್ಲಿ ಹಾರ್ವರ್ಡಿನಿಂದ ಪದವಿ ಪಡೆದು ವಕೀಲನಾದ ಮೇಲೆ ಆತ ಹಾಲೆಂಡ್, ಪ್ರಷ್ಯ, ರಷ್ಯ, ಬ್ರಿಟನ್ ದೇಶಗಳಲ್ಲಿ ರಾಯಭಾರಿಯಾಗಿದ್ದನು. ನಡುವೆ ಸೆನೆಟ್ ಸಭೆಯ ಸದಸ್ಯನಾಗಿದ್ದಾಗ ತನ್ನ ಪಕ್ಷದ ಇಚ್ಛೆಗೆ ವಿರುದ್ಧವಾಗಿ ಮತ ಕೊಟ್ಟು, ಅದರ ಫಲವಾಗಿ 1808ರಲ್ಲಿ ಆ ಸ್ಥಾನವನ್ನು ಬಿಡಬೇಕಾಯಿತು. 1812ರಲ್ಲಿ ಬ್ರಿಟನ್ನಿನೊಡನೆ ಆರಂಭವಾದ ಯುದ್ಧಕ್ಕೆ ಕೊನೆ ಹಾಕಿದ 1814ರ ಘೆಂಟ್ ಒಪ್ಪಂದದಲ್ಲಿ ಆತನ ಕೈಯಿತ್ತು. 1817ರಿಂದ 1825ರವರೆಗೆ ವಿದೇಶಾಂಗ ಖಾತೆಯನ್ನು ನೋಡಿಕೊಂಡನು.

ಅಧ್ಯಕ್ಷ ಪದವಿ

1824ರ ಚುನಾವಣೆಯಲ್ಲಿ ನಾಲ್ವರು ಸ್ಪರ್ಧಿಗಳಿದ್ದರು. ಅಧ್ಯಕ್ಷನನ್ನು ಆರಿಸುವ ಮತದಾರ ಮಂಡಲಿಯಲ್ಲಿ ಆಂಡ್ರೂ ಜ್ಯಾಕ್ಸನ್‌ಗೆ 99, ಆಡಮ್ಸನಿಗೆ 84 ಮತಗಳು ಬಂದವು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರಲಿಲ್ಲ. ಅಂಥ ಸಂದರ್ಭದಲ್ಲಿ ಪ್ರತಿನಿಧಿ ಸಭೆಯೇ ಅಧ್ಯಕ್ಷನನ್ನು ಆರಿಸಬೇಕೆಂಬುದು ಅಲ್ಲಿನ ಸಂವಿಧಾನದ ನಿಯಮ. ಸಭೆ 1825ರ ಫೆಬ್ರವರಿಯಲ್ಲಿ ಆಡಮ್ಸನನ್ನು ಆರಿಸಿತು. ತನಗೆ ಬೆಂಬಲ ಕೊಟ್ಟ ಹೆನ್ರಿ ಕ್ಲೇ ಎಂಬವನಿಗೆ ಆತ ವಿದೇಶಾಂಗ ಖಾತೆಯನ್ನು ಕೊಟ್ಟದ್ದರಿಂದ, ಒಳಗೊಳಗೇ ವ್ಯಾಪಾರ ನಡೆಯಿತೆಂದು ಜ್ಯಾಕ್ಸನ್ ಪಕ್ಷದವರು ಕೂಗೆಬ್ಬಿಸಿದರು. ಈ ಅಪವಾದ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಸರಕಾರದ ವಿಷಯದಲ್ಲಿ ಆಡಮ್ಸನ ವಿಚಾರ ಸ್ಪಷ್ಟವಾಗಿತ್ತು. ಜನರ ಸ್ಥಿತಿಯನ್ನು ಸುಧಾರಿಸುವುದಕ್ಕಾಗಿಯೇ ಸರಕಾರವಿರುವುದು. ರಸ್ತೆ, ಕಾಲುವೆ, ವಿಶ್ವವಿದ್ಯಾಲಯ, ನಕ್ಷತ್ರ ವೀಕ್ಷಣಾಲಯ ಇವುಗಳನ್ನು ಕಟ್ಟುವುದು ಸರಕಾರದ ಧರ್ಮ ಎಂದು ಆತ 1825ರಲ್ಲಿಯೇ ಶಾಸನಸಭೆಗೆ ತಿಳಿಸಿದನು. ಸಭೆ ಅದರಲ್ಲಿ ಬಹುಪಾಲನ್ನು ಒಪ್ಪಲಿಲ್ಲ. ತನ್ನ ಪಕ್ಷದವರಲ್ಲವೆಂಬ ಒಂದೇ ಕಾರಣಕ್ಕೆ ನೌಕರರನ್ನು ಕೆಲಸದಿಂದ ತೆಗೆಯಲು ಆತ ಒಪ್ಪಲಿಲ್ಲ. 1828ರ ಚುನಾವಣೆಯಲ್ಲಿ ಜ್ಯಾಕ್ಸನ್‌ಗೆ 178, ಆಡಮ್ಸನಿಗೆ 83 ಮತಗಳು ಬಂದು, ಆತ ಸೋತು ಊರಿಗೆ ಮರಳಿದನು.

ಮತ್ತೆ ಸಭೆಯ ಬಾಗಿಲಿಗೆ

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯಬೇಕು. ಆದರೆ ಆಡಮ್ಸನ ನಿಜವಾದ ಕಥೆ ಇಲ್ಲಿಂದ ಆರಂಭವಾಗುತ್ತದೆ. 1830ರಲ್ಲಿ ತನ್ನ ಜಿಲ್ಲೆಯ ಜನರು ಕೇಳಿಕೊಂಡಾಗ ಆತ ಪ್ರತಿನಿಧಿ ಸಭೆಯ ಚುನಾವಣೆಗೆ ನಿಂತು ಗೆದ್ದನು. ದೇಶದ ಅಧ್ಯಕ್ಷನಾಗಿದ್ದವನು ಸಭೆಯ ಬೆಂಚಿನ ಮೇಲೆ ಸಾಧಾರಣ ಸದಸ್ಯನಾಗಿ ಕೂರುವುದೇ? ಜನರು ಆರಿಸಿ ಕಳುಹಿಸಿದ ಯಾವ ಕೆಲಸವೂ ಮನುಷ್ಯನನ್ನು ಕೀಳು ಮಾಡದು ಎಂಬುದು ಆತನ ನಿಲುವು. 1831ರಿಂದ ಸಾಯುವವರೆಗೆ, ಸುಮಾರು ಹದಿನೇಳು ವರ್ಷ, ಆತ ಅಲ್ಲಿ ಕುಳಿತನು.

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಆಫ್ರಿಕದ ಮೂಲದ ಲಕ್ಷಾಂತರ ಜನರು ಗುಲಾಮರಾಗಿದ್ದರು. ರಾಜಧಾನಿಯ ಪ್ರದೇಶದಲ್ಲಿಯೂ ಗುಲಾಮಗಿರಿಯಿತ್ತು. ಆ ಪ್ರದೇಶ ಶಾಸನಸಭೆಯ ನೇರ ಆಡಳಿತಕ್ಕೆ ಸೇರಿದ್ದರಿಂದ, ಅಲ್ಲಿಯಾದರೂ ಇದನ್ನು ನಿಲ್ಲಿಸಿರೆಂದು ಉತ್ತರದ ಊರುಗಳಿಂದ ಅರ್ಜಿಗಳು ಬರತೊಡಗಿದವು. 1831ರ ಡಿಸೆಂಬರಿನಲ್ಲಿ ಇಂಥ ಹದಿನೈದು ಅರ್ಜಿಗಳನ್ನು ಆಡಮ್ಸ್ ಸಭೆಯ ಮುಂದಿಟ್ಟನು. ಇಡುವಾಗಲೇ, ರಾಜಧಾನಿಯಲ್ಲಿ ಗುಲಾಮಗಿರಿಯನ್ನು ರದ್ದು ಮಾಡಬೇಕೆಂಬ ಬೇಡಿಕೆಗೆ ತನ್ನ ಬೆಂಬಲವಿಲ್ಲವೆಂದೂ ಹೇಳಿದನು. ಇದನ್ನು ವಾಚಕರು ಗಮನಿಸಬೇಕು. ಬೇಡಿಕೆಯನ್ನು ಒಪ್ಪುವುದು ಬೇರೆ, ಬೇಡುವವನ ಮಾತನ್ನು ಸಭೆಗೆ ಮುಟ್ಟಿಸುವುದು ಬೇರೆ. ಎರಡನೆಯದು ಪ್ರತಿನಿಧಿಯ ಕರ್ತವ್ಯ.

ಬಾಯಿ ಕಟ್ಟುವ ನಿಯಮ

ಅರ್ಜಿಗಳು ಹೆಚ್ಚಿದಂತೆ ಗುಲಾಮರ ಒಡೆಯರಿಗೆ ಸಿಟ್ಟೇರಿತು. 1836ರ ಮೇ 26ರಂದು ಸಭೆ ಒಂದು ನಿರ್ಣಯ ಮಾಡಿತು: ಗುಲಾಮಗಿರಿಯ ಪ್ರಸ್ತಾಪವಿರುವ ಯಾವ ಅರ್ಜಿಯನ್ನೂ ಮುದ್ರಿಸದೆ, ಸಮಿತಿಗೆ ಕಳುಹಿಸದೆ ಮೇಜಿನ ಮೇಲಿಟ್ಟು ಬಿಡತಕ್ಕದ್ದು, ಮುಂದೆ ಯಾವ ಕ್ರಮವನ್ನೂ ಜರುಗಿಸಕೂಡದು. ಫೈಲುಗಳ ನಡುವೆ ಬದುಕುವ ನಮ್ಮ ಗುಮಾಸ್ತ ಬಂಧುಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1840ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಅಂಥ ಅರ್ಜಿಯನ್ನು ಸ್ವೀಕರಿಸಲೇ ಕೂಡದೆಂದಾಯಿತು.

1791ರಲ್ಲಿ ಜಾರಿಗೆ ಬಂದ ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿ, ಕಷ್ಟ ನಿವಾರಣೆಗಾಗಿ ಸರಕಾರಕ್ಕೆ ಅರ್ಜಿ ಮಾಡಿಕೊಳ್ಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಆದ್ದರಿಂದ ಈ ನಿರ್ಣಯ ಸಂವಿಧಾನಕ್ಕೇ ವಿರುದ್ಧವೆಂದು ಆಡಮ್ಸ್ ಸಭೆಯಲ್ಲಿ ಸಾರಿದನು. ಅಂದಿನಿಂದ ಅಧಿವೇಶನಗಳಲ್ಲಿ ಆತ ಅರ್ಜಿಗಳ ಕಟ್ಟು ಹಿಡಿದು ಮೇಲೇಳುವುದು, ಸಭಾಪತಿ ತಡೆಯುವುದು, ಆತ ಇನ್ನೊಂದನ್ನು ತೆಗೆಯುವುದು, ಹೀಗೆಯೇ ನಡೆಯಿತು.

1837ರ ಫೆಬ್ರವರಿಯಲ್ಲಿ, ಗುಲಾಮರೇ ಬರೆದದ್ದೆಂದು ಹೇಳಲಾದ ಅರ್ಜಿಯೊಂದು ತನ್ನ ಬಳಿಯಿದೆ, ಅದು ಈ ನಿಯಮಕ್ಕೆ ಒಳಪಡುವುದೇ ಎಂದು ಆತ ಸಭಾಪತಿಯನ್ನು ಕೇಳಿದನು. ಸಭೆಯಲ್ಲಿ ಗದ್ದಲವೆದ್ದಿತು. ಆಡಮ್ಸನ ಮೇಲೆ ಖಂಡನೆಯ ಠರಾವು ತರಲು ಹೊರಟರು. ಕೊನೆಗೆ ನೋಡಿದರೆ, ಗುಲಾಮಗಿರಿಯನ್ನು ರದ್ದು ಮಾಡಬಾರದೆಂಬುದೇ ಆ ಅರ್ಜಿಯ ಕೋರಿಕೆ! ಆದರೆ ಆಡಮ್ಸನ ಪ್ರಶ್ನೆ ಕೋರಿಕೆಯದಾಗಿರಲಿಲ್ಲ. ಕಾಲಿಗೆ ಸಂಕೋಲೆಯಿರುವವನಿಗೂ ಬೇಡುವ ಹಕ್ಕುಂಟೋ ಇಲ್ಲವೋ? ಇಲ್ಲವೆಂದು ಸಭೆ ನಿರ್ಣಯಿಸಿತು. ಉಂಟೆಂದು ಆಡಮ್ಸ್ ಹಟ ಹಿಡಿದನು. ಮರುವರ್ಷ, ಹೆಂಗಸರು ರಾಜಕೀಯ ಅರ್ಜಿಗಳಿಗೆ ಸಹಿ ಹಾಕುವುದು ತಕ್ಕದ್ದಲ್ಲವೆಂಬ ಮಾತು ಬಂದಾಗಲೂ, ಮತವಿಲ್ಲದ ಅವರ ಪರವಾಗಿ ದೀರ್ಘವಾಗಿ ವಾದಿಸಿದನು.

1842ರಲ್ಲಿ ಹೇವರ್‌ಹಿಲ್ ಊರಿನ ಕೆಲವರು ಅಮೆರಿಕದ ಒಕ್ಕೂಟವನ್ನೇ ವಿಸರ್ಜಿಸಿರೆಂದು ಅರ್ಜಿ ಕಳುಹಿಸಿದರು. ಆಡಮ್ಸನಿಗೆ ಒಕ್ಕೂಟವೆಂದರೆ ಪ್ರಾಣ. ಆದರೂ ಆತ ಅರ್ಜಿಯನ್ನು ಸಭೆಯ ಮುಂದಿಟ್ಟು, ಇದನ್ನು ಏಕೆ ಮನ್ನಿಸಲಾಗದೆಂಬುದಕ್ಕೆ ಕಾರಣ ತಿಳಿಸುವ ಸಮಿತಿಗೆ ಒಪ್ಪಿಸಿರೆಂದನು. ಮತ್ತೆ ಖಂಡನೆಯ ಠರಾವು ಬಂದಿತು. ಎಪ್ಪತ್ತನಾಲ್ಕು ವರ್ಷದ ಮುದುಕ ಸುಮಾರು ಎರಡು ವಾರ ಒಬ್ಬನೇ ತನ್ನ ಪಕ್ಷವನ್ನು ವಾದಿಸಿದನು. ವಿರೋಧಿಗಳು ಸೋತು ಠರಾವನ್ನು ಕೈಬಿಟ್ಟರು.

1844ರ ಡಿಸೆಂಬರ್ 3ರಂದು ಆತ ತಂದ ನಿರ್ಣಯ 108 ಮತಗಳಿಂದ ಗೆದ್ದಿತು. ವಿರುದ್ಧ ಬಂದವು 80. ಬಾಯಿ ಕಟ್ಟುವ ನಿಯಮ ರದ್ದಾಯಿತು.

ಆಮಿಸ್ತಾದ್ ಹಡಗಿನ ಮೊಕದ್ದಮೆ

ಈ ಹೋರಾಟದ ನಡುವೆಯೇ ಇನ್ನೊಂದು ಕೆಲಸ ಆತನ ಪಾಲಿಗೆ ಬಂದಿತು. 1839ರಲ್ಲಿ ಆಫ್ರಿಕದಿಂದ ಕದ್ದು ಕ್ಯೂಬಾಕ್ಕೆ ತಂದಿದ್ದ ಕೆಲವರು, ಆಮಿಸ್ತಾದ್ ಎಂಬ ಹಡಗಿನಲ್ಲಿ ದಂಗೆಯೆದ್ದು ಅದನ್ನು ವಶಪಡಿಸಿಕೊಂಡರು. ಹಡಗು ಅಮೆರಿಕದ ತೀರ ಸೇರಲು ಅವರನ್ನು ಸೆರೆಯಲ್ಲಿಟ್ಟರು. ಅವರು ಯಾರದೋ ಸೊತ್ತೋ, ಸ್ವತಂತ್ರ ಮನುಷ್ಯರೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1841ರಲ್ಲಿ ಆಡಮ್ಸ್ ಅವರ ಪರವಾಗಿ ವಾದಿಸಿದನು. ಮಾರ್ಚ್ 9ರಂದು ನ್ಯಾಯಾಲಯ ಅವರು ಸ್ವತಂತ್ರರೆಂದು ತೀರ್ಪಿತ್ತಿತು. ಬದುಕುಳಿದ ಮೂವತ್ತೈದು ಮಂದಿ ಮರುವರ್ಷ ಆಫ್ರಿಕಕ್ಕೆ ಮರಳಿದರು.

ಆತನ ಕುಂದುಗಳು

ದೊಡ್ಡವರ ಚರಿತ್ರೆಯನ್ನು ಓದುವಾಗ ಆರತಿಯೆತ್ತುವುದಷ್ಟೇ ನಮ್ಮ ಕೆಲಸವಲ್ಲ. ಗುಲಾಮಗಿರಿಯನ್ನು ಕೂಡಲೇ ತೊಲಗಿಸಬೇಕೆಂಬವರ ಸಂಘಕ್ಕೆ ಆಡಮ್ಸ್ ಸೇರಲಿಲ್ಲ. ಆತ ಅಧ್ಯಕ್ಷನಾಗಿದ್ದಾಗ, ಮೋಸದಿಂದಾದ ಒಂದು ಒಪ್ಪಂದವನ್ನು ತಳ್ಳಿಹಾಕಿ 1826ರಲ್ಲಿ ಹೊಸದನ್ನು ಮಾಡಿಸಿದರೂ, ಕ್ರೀಕ್ ಎಂಬ ಮೂಲನಿವಾಸಿಗಳು ಜಾರ್ಜಿಯದಲ್ಲಿದ್ದ ತಮ್ಮ ನೆಲವನ್ನು ಕಳೆದುಕೊಳ್ಳುವುದು ತಪ್ಪಲಿಲ್ಲ. ಅಧಿಕಾರದ ಕುರ್ಚಿಯಲ್ಲಿದ್ದಾಗ ಮಾಡಲಾಗದ್ದನ್ನು ಬೆಂಚಿನ ಮೇಲೆ ಕುಳಿತು ಮಾಡಿದನೆಂದರೆ ತಪ್ಪಾಗದು.

1848ರ ಫೆಬ್ರವರಿ 21ರಂದು ಆಡಮ್ಸ್ ಸಭೆಯಲ್ಲಿ ತನ್ನ ಸ್ಥಾನದಲ್ಲಿಯೇ ಕುಸಿದನು. ಎರಡು ದಿನಗಳ ಮೇಲೆ ಆ ಕಟ್ಟಡದಲ್ಲಿಯೇ ತೀರಿಕೊಂಡನು. ಆಗ ಅದೇ ಸಭೆಯಲ್ಲಿ ಇಲಿನಾಯ್ ಸಂಸ್ಥಾನದ ಹೊಸ ಸದಸ್ಯನೊಬ್ಬನಿದ್ದನು. ಆತನೇ ಅಬ್ರಹಾಂ ಲಿಂಕನ್. ದೇಶದಿಂದ ಗುಲಾಮಗಿರಿ ತೊಲಗಿದ್ದು 1865ರಲ್ಲಿ.

ನಾವು ತಿಳಿಯಬೇಕಾದದ್ದು

ಪ್ರಜಾರಾಜ್ಯದಲ್ಲಿ ಬಹುಮತಕ್ಕೆ ಇಲ್ಲವೆನ್ನುವ ಅಧಿಕಾರವುಂಟು, ಕೇಳುವುದಿಲ್ಲವೆನ್ನುವ ಅಧಿಕಾರವಿಲ್ಲ. ಆಡಮ್ಸನ ರಾಜಕೀಯ ವಿಚಾರದ ಸಾರ ಇದೇ. ನಮ್ಮ ದೇಶದ ಸಂವಿಧಾನದ 350ನೆಯ ಅನುಚ್ಛೇದವನ್ನು ಇದರೊಡನೆ ಇಟ್ಟು ನೋಡಬಹುದು. ಕಷ್ಟ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರಿಗೂ ಅದು ಹಕ್ಕು ಕೊಟ್ಟಿದೆ. ಊರು ಬಿಟ್ಟು ಬಂದು ದುಡಿಯುವ ನಾವು ಇದನ್ನು ನೆನಪಿನಲ್ಲಿಡಬೇಕು. ಹಾಗೆಯೇ, ನಮ್ಮ ಮೇಜಿಗೆ ಯಾರದಾದರೂ ಅರ್ಜಿ ಬಂದರೆ, ಅದರ ಹಿಂದೆ ಒಬ್ಬ ಮನುಷ್ಯ ಉತ್ತರಕ್ಕಾಗಿ ಕಾದಿದ್ದಾನೆಂಬುದನ್ನೂ ಮರೆಯಬಾರದು.

ವಿಚಾರಕ್ಕೆ ಕೆಲವು ಪ್ರಶ್ನೆಗಳು

1. ತಾನು ಒಪ್ಪದ ಅರ್ಜಿಗಳನ್ನೂ ಆಡಮ್ಸ್ ಸಭೆಯ ಮುಂದೆ ಇಟ್ಟದ್ದು ಏಕೆ?

2. ಮತದ ಹಕ್ಕಿಲ್ಲದವರಿಗೆ ಅರ್ಜಿಯ ಹಕ್ಕು ಇನ್ನೂ ಹೆಚ್ಚು ಅಗತ್ಯವೆನ್ನಬಹುದೇ?

3. ದೊಡ್ಡ ಪದವಿಯಲ್ಲಿದ್ದವನು ಚಿಕ್ಕ ಸ್ಥಾನಕ್ಕೆ ಮರಳಿ ಸೇವೆ ಮಾಡುವುದರಲ್ಲಿ ಗೌರವ ಕುಂದುವುದೇ?