ಬೂಷ್ಟು ಹಿಡಿದ ಹುಲ್ಲು: ಹಸುವಿಗೂ ಕೆಮ್ಮು, ನಿಮಗೂ ಕೆಮ್ಮು



ಮಳೆಗೆ ನೆಂದ ಬಣವೆಯಿಂದ ಹುಲ್ಲು ಹಿರಿದು ಕೊಡವಿದಾಗ ಬೂದಿಯಂಥ ಪುಡಿ ಹಾರುವುದನ್ನು ನೀವು ನೋಡಿರುತ್ತೀರಿ. ಅದು ಬರೀ ಮಣ್ಣಿನ ಧೂಳಲ್ಲ, ಅದರಲ್ಲಿ ಬೂಷ್ಟಿನ ಕಣಗಳೂ ಇರುತ್ತವೆ. ಅವು ಬಹಳ ಸಣ್ಣವಾದ್ದರಿಂದ ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಈ ತೊಂದರೆ ಹೆಚ್ಚಾಗಿ ಕಾಣುವುದು ಕುದುರೆಗಳಲ್ಲಿ. ಲಾಯದಲ್ಲಿ ಕಟ್ಟಿ ಒಣಹುಲ್ಲು ಹಾಕುವ ಕೆಲವು ಕುದುರೆಗಳಿಗೆ ಈ ಧೂಳು ಒಗ್ಗದೆ ಅಸ್ತಮಾ ಬರುತ್ತದೆ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಆದರೆ ಕೆಮ್ಮುತ್ತವೆ, ಹೊಟ್ಟೆ ಎಳೆದುಕೊಂಡು ಉಸಿರು ಬಿಡುತ್ತವೆ. ಔಷಧಿ ಕೊಟ್ಟರೂ ಧೂಳು ತಪ್ಪದಿದ್ದರೆ ರೋಗ ಮರುಕಳಿಸುತ್ತದೆ. ಸದಾ ಕೊಟ್ಟಿಗೆಯಲ್ಲೇ ಇರುವ ಹಸುಗಳಿಗೂ ಬೂಷ್ಟಿನ ಧೂಳಿನಿಂದ ಶ್ವಾಸಕೋಶದ ಅಲರ್ಜಿ ಬರಬಹುದು.

ನಿಮ್ಮ ಆರೋಗ್ಯವೂ ಮುಖ್ಯ

ಹುಲ್ಲು ಕೊಡವುವವರು ನೀವೇ ಆದ್ದರಿಂದ ಅದೇ ಧೂಳು ನಿಮ್ಮ ಎದೆಗೂ ಹೋಗುತ್ತದೆ. ಬೆಳಿಗ್ಗೆ ಬೂಷ್ಟು ಹುಲ್ಲು ಮುಟ್ಟಿದವರಿಗೆ 4ರಿಂದ 8 ಗಂಟೆಗಳ ನಂತರ ಚಳಿ, ಜ್ವರ, ಒಣಕೆಮ್ಮು, ಉಬ್ಬಸ ಕಾಣಿಸಬಹುದು. ಒಂದೆರಡು ದಿನದಲ್ಲಿ ಇಳಿಯುವುದರಿಂದ ಶೀತಜ್ವರ ಎಂದು ಸುಮ್ಮನಾಗುವವರೇ ಹೆಚ್ಚು. ವರ್ಷಗಟ್ಟಲೆ ಹೀಗೇ ಆದರೆ ಶ್ವಾಸಕೋಶ ಗಡುಸಾಗಿ, ಮತ್ತೆ ಮೊದಲಿನಂತಾಗುವುದಿಲ್ಲ. ವೈದ್ಯರ ಬಳಿ ಹೋದಾಗ “ನಾನು ದಿನಾ ಹುಲ್ಲು ಕೊಡವುತ್ತೇನೆ” ಎಂದು ಮರೆಯದೆ ತಿಳಿಸಿ.

ಹೀಗೆ ಮಾಡಿ

1. ಹುಲ್ಲು ಚೆನ್ನಾಗಿ ಒಣಗಿದ ಮೇಲೆಯೇ ಬಣವೆ ಹಾಕಿ. ತಳಕ್ಕೆ ಕಲ್ಲು ಅಥವಾ ಮರದ ಅಟ್ಟಣೆ, ಮೇಲೆ ಹೊದಿಕೆ ಇರಲಿ.
2. ಬಣವೆಯೊಳಗೆ ಕೈಯಿಟ್ಟಾಗ ಬಿಸಿ ತಗುಲಿದರೆ, ಮುಗ್ಗಲು ವಾಸನೆ ಬಂದರೆ ಬಿಚ್ಚಿ ಒಣಗಿಸಿ.
3. ಬೂಷ್ಟು ಹಿಡಿದ ಹುಲ್ಲನ್ನು ಮೇವಿಗೂ ಬೇಡ, ಹಾಸಲಿಕ್ಕೂ ಬೇಡ, ತಿಪ್ಪೆಗೆ ಹಾಕಿ. ನೀರು ಚಿಮುಕಿಸಿದರೆ ಧೂಳು ಅಡಗುತ್ತದೆಯೇ ಹೊರತು ಬೂಷ್ಟು ಹೋಗುವುದಿಲ್ಲ.
4. ಒಳ್ಳೆಯ ಹುಲ್ಲನ್ನೂ ಕೊಟ್ಟಿಗೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ ಕೊಡವಿ. ಆ ಹೊತ್ತಿಗೆ ಬೇಕಾದಷ್ಟಕ್ಕೆ ಮಾತ್ರ ನೀರು ಚಿಮುಕಿಸಿ ಹಾಕಿ. ಉಳಿದದ್ದನ್ನು ಗೋದಲಿಯಲ್ಲಿ ಬಿಡಬೇಡಿ.
5. ಮೂಗಿಗೆ ಸೆರಗು ಸುತ್ತಿಕೊಂಡರೆ ಸಾಲದು. ಎನ್-95 ಮಾಸ್ಕ್ ಹಾಕಿಕೊಳ್ಳಿ.
6. ಗಂಜಲ ನಿಂತು ಮೂಗಿಗೆ ಘಾಟು ಹೊಡೆಯದಂತೆ ಕೊಟ್ಟಿಗೆ ಶುಚಿಯಾಗಿಡಿ, ಗಾಳಿಯಾಡಲು ಬಿಡಿ.

ಪಶುವೈದ್ಯರನ್ನು ಯಾವಾಗ ಕರೆಯಬೇಕು?

ಬೆಳಗಿನ ತಂಪಿನಲ್ಲಿ ಹಸು ಮಲಗಿದ್ದಾಗ ಒಂದು ನಿಮಿಷ ಅದರ ಪಕ್ಕೆಯ ಏರಿಳಿತ ಎಣಿಸಿ, ಪಕ್ಕದ ಹಸುವಿನೊಂದಿಗೆ ಹೋಲಿಸಿ. ಬಹಳ ವ್ಯತ್ಯಾಸವಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೇವು ಬಿಟ್ಟಿದ್ದರೆ ಅಥವಾ ಜ್ವರವಿದ್ದರೆ ಕಾಯಬೇಡಿ. ನ್ಯುಮೋನಿಯಾ, ಶ್ವಾಸಕೋಶದ ಹುಳು, ಅಲರ್ಜಿ ಮೂರರಲ್ಲೂ ಕೆಮ್ಮು ಬರುತ್ತದೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮನೆಯಲ್ಲಿ ಉಳಿದಿರುವ ಇಂಜೆಕ್ಷನ್ ಕೊಡಿಸಬೇಡಿ. ವೈದ್ಯರು ಬಂದಾಗ ಹಸುವಿನ ಜೊತೆಗೆ ನೀವು ಹಾಕುತ್ತಿರುವ ಹುಲ್ಲನ್ನೂ ತೋರಿಸಿ.